ಕಕ್ಕಸಿಗೊಂದು ಓಟು

ಸಿಡ್ನಿ, ಇಳಿದ ದಿನ

ಪರದೇಶಕ್ಕೆ ಹೊರಟವರು ಪಾಸ್‌ಪೋರ್ಟು, ವೀಸಾ, ಉಲ್ಲನ್ ಸ್ವೆಟರು ಎಂದು ಚಿಂತೆ ಮಾಡುತ್ತಾರೆ. ನಾನು ಅವೆಲ್ಲದರ ಚಿಂತೆ ಮುಗಿಸಿಕೊಂಡು, ಉಳಿದ ಸಮಯದಲ್ಲಿ ಕಕ್ಕಸಿನ ಚಿಂತೆ ಮಾಡಿದೆ. ವಿಮಾನದಲ್ಲಿ ನನ್ನದು ಕಿಟಕಿ ಪಕ್ಕದ ಸೀಟು. ಎದ್ದು ಹೋಗಬೇಕಾದರೆ ಬಾಯಿ ತೆರೆದು ಮಲಗಿದ ಇಬ್ಬರು ಅಪರಿಚಿತರ ಮೊಣಕಾಲು ದಾಟಬೇಕು. ಐವತ್ತೆರಡರ ವಯಸ್ಸಿನಲ್ಲಿ ಇಂಥ ಸಾಹಸಕ್ಕೆ ಇಳಿಯುವುದಕ್ಕಿಂತ ನೀರನ್ನೇ ಕುಡಿಯದಿರುವುದು ಕ್ಷೇಮವೆಂದು ತೀರ್ಮಾನಿಸಿದೆ. ಸಿಡ್ನಿಯಲ್ಲಿ ಇಳಿಯುವಾಗ ನನ್ನ ನಾಲಿಗೆ ಒಣಗಿ ಸ್ಲೇಟಾಗಿತ್ತು.

ಅಲ್ಲಿ ಒಂದು ಚೀಟಿ ತುಂಬಿಸಬೇಕು. ತಿನ್ನುವ ಪದಾರ್ಥ ತಂದಿದ್ದೀರಾ, ಬೀಜ ತಂದಿದ್ದೀರಾ, ಇತ್ತೀಚೆಗೆ ಹೊಲ ತುಳಿದಿದ್ದೀರಾ ಎಂದೆಲ್ಲ ಕೇಳಿರುತ್ತಾರೆ. ನಾನು ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿದೆ. ಸುಳ್ಳು ಹೇಳಿ ಜೈಲಿಗೆ ಹೋಗುವುದಕ್ಕಿಂತ ನಿಜ ಹೇಳಿ ಹುಳಿಪುಡಿ ಕಳೆದುಕೊಳ್ಳುವುದು ಮೇಲು. ಅಧಿಕಾರಿ ಹುಳಿಪುಡಿಯ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ. ಚಪ್ಪಲಿಯನ್ನು ಮಾತ್ರ ಒಳಗೆ ಒಯ್ದು, ಮಣ್ಣು ತೊಳೆದು ತಂದುಕೊಟ್ಟ. ಇಪ್ಪತ್ತೈದು ವರ್ಷದಿಂದ ತುಮಕೂರಿನಲ್ಲಿ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದೇನೆ. ಸರ್ಕಾರಿ ನೌಕರನೊಬ್ಬ ನನ್ನ ಚಪ್ಪಲಿ ತೊಳೆದದ್ದು ಅದೇ ಮೊದಲು.

ಹೊರಗೆ ಸುಮಿತ್ರಕ್ಕ ಮತ್ತು ಭಾವ ಕಾದಿದ್ದರು. ಅಕ್ಕ ಅಲ್ಲಿಯ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಭಾವ ನಾಗರಾಜರು ಮೈಸೂರಿನವರು, ಸಿವಿಲ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಾರು ಹತ್ತುವ ಮೊದಲೇ ಭಾವ ಕೇಳಿದ ಪ್ರಶ್ನೆ ಪ್ರಯಾಣದ ಬಗ್ಗೆ ಆಗಿರಲಿಲ್ಲ, ಊರಿನ ಬಗ್ಗೆಯೂ ಆಗಿರಲಿಲ್ಲ.

"ಸೀನ, ನೀನು ಎಲೆಕ್ಷನ್ ಡ್ಯೂಟಿ ಎಷ್ಟು ಸಲ ಮಾಡಿದೀಯ?"

"ಲೆಕ್ಕ ಇಟ್ಟಿಲ್ಲ ಭಾವ. ಇಪ್ಪತ್ತು ವರ್ಷದಿಂದ ಒಂದೂ ತಪ್ಪಿಸಿಲ್ಲ. ಕೊನೆ ನಾಲ್ಕೈದು ಸಲ ಪ್ರಿಸೈಡಿಂಗ್ ಆಫೀಸರ್."

ಭಾವ ಅಕ್ಕನ ಕಡೆ ತಿರುಗಿ, "ನೋಡಿದ್ಯಾ? ನಾನು ಹೇಳ್ಲಿಲ್ವಾ? ಎಕ್ಸ್‌ಪರ್ಟ್ ಬಂದ" ಎಂದರು.

ಅಕ್ಕ ನಿಟ್ಟುಸಿರು ಬಿಟ್ಟಳು. "ಅವನಿಗೆ ಮೊದಲು ಕಾಫಿ ಕೊಡಿಸೋಣ. ಟಾಯ್ಲೆಟ್ ವಿಷಯ ಆಮೇಲೆ."

ಹೀಗೆ, ಯಾವ ಚಿಂತೆಯನ್ನು ಬೆಂಗಳೂರಿನಿಂದ ಹೊತ್ತು ತಂದಿದ್ದೆನೋ ಅದೇ ಚಿಂತೆ ಅಲ್ಲಿ ನನ್ನನ್ನು ಕಾರು ತಂದು ಎದುರುಗೊಂಡಿತು.

ಎಪ್ಪಿಂಗ್‌ನಿಂದ ಸ್ವಲ್ಪ ಆಚೆ

ಅಕ್ಕನ ಮನೆ ಎಪ್ಪಿಂಗ್‌ನಿಂದ ಸ್ವಲ್ಪ ಆಚೆಯ ಒಂದು ಸಬರ್ಬಿನಲ್ಲಿದೆ. ಹೆಸರು ಬರೆಯುವುದಿಲ್ಲ, ಭಾವ ಇನ್ನೂ ಅಲ್ಲೇ ಓಡಾಡಬೇಕು. ಸಿಡ್ನಿಯ ಒಳಗೇ ಇರುವ ಇಂಥ ಸಣ್ಣ ಪುಟ್ಟ ಕೌನ್ಸಿಲುಗಳೂ ಬೋರ್ಡಿನ ಮೇಲೆ ತಮ್ಮನ್ನು 'ಸಿಟಿ' ಎಂದು ಬರೆದುಕೊಳ್ಳುತ್ತವೆ. ನಮ್ಮ ಪುರಸಭೆಯಷ್ಟೇ ಅವುಗಳ ಆಡಳಿತ, ಆದರೆ ಮೇಯರ್ ಕೊರಳಿಗೆ ಸರಪಣಿ ಇರುತ್ತದೆ.

ನಾನು ಹೋದದ್ದು ಸೆಪ್ಟೆಂಬರಿನಲ್ಲಿ, ಕೌನ್ಸಿಲ್ ಚುನಾವಣೆಯ ಕಾಲ. ಸದಸ್ಯರನ್ನು ಆರಿಸುವ ಮತಪತ್ರದ ಜೊತೆಗೆ ಆ ಸಲ ಇನ್ನೊಂದು ಚೀಟಿಯೂ ಇತ್ತು. ಅದರಲ್ಲಿ ಒಂದೇ ಪ್ರಶ್ನೆ: ಸ್ಟೇಷನ್ ಪಕ್ಕದ ಪಾರ್ಕಿನಲ್ಲಿರುವ ಹಳೆಯ ಶೌಚಾಲಯವನ್ನು ಕೆಡವಿ, ಅಲ್ಲಿ ಮಕ್ಕಳ ಆಟದ ಜಾಗ ಮಾಡಬೇಕೇ? ಹೌದು ಅಥವಾ ಇಲ್ಲ ಎಂದು ಜನ ಬರೆಯಬೇಕು.

ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನಮ್ಮಲ್ಲಿ ಶೌಚಾಲಯದ ಬಗ್ಗೆ ಯಾರೂ ಜನರ ಅಭಿಪ್ರಾಯ ಕೇಳುವುದಿಲ್ಲ. ಗಂಡಸರು ತಮ್ಮ ಅಭಿಪ್ರಾಯವನ್ನು ನೇರವಾಗಿ ಕಾಂಪೌಂಡ್ ಗೋಡೆಯ ಮೇಲೆ ವ್ಯಕ್ತಪಡಿಸುತ್ತಾರೆ.

"ಜನ ಇಲ್ಲ ಅಂದ್ರೆ ಕೆಡವೋ ಹಾಗಿಲ್ಲ ಅಲ್ವಾ ಭಾವ?"

"ಹಾಗೇನಿಲ್ಲ. ಜನ ಏನೇ ಬರೆದ್ರೂ ಕೌನ್ಸಿಲ್ ತನಗೆ ತೋಚಿದ್ದು ಮಾಡಬಹುದು."

"ಮತ್ತೆ ಕೇಳೋದ್ಯಾಕೆ?"

"ಮರ್ಯಾದೆಗೆ. ನಮ್ಮಲ್ಲಿ ಎಲ್ಲಾ ಮಾತುಕತೆ ಮುಗಿದ ಮೇಲೆ ಹುಡುಗೀನ ಕೇಳ್ತಿರಲಿಲ್ವಾ, 'ಒಪ್ಪಿಗೇನಮ್ಮಾ' ಅಂತ? ಹಾಗೆ. ಆದ್ರೂ ಹುಡುಗಿ ಜೋರಾಗಿ ಬೇಡ ಅಂದ್ರೆ ಸ್ವಲ್ಪ ಹಿಂದೆ ಮುಂದೆ ನೋಡ್ತಾರಲ್ಲ."

"ನನ್ನನ್ನ ಯಾರೂ ಕೇಳ್ಲೇ ಇಲ್ಲ" ಎಂದಳು ಅಕ್ಕ, ಅಡುಗೆಮನೆಯಿಂದ. ಭಾವ ಎದ್ದು ಹೋಗಿ ಕಾಫಿ ಲೋಟ ತೊಳೆಯತೊಡಗಿದರು.

ಎರಡು ವರ್ಷದ ಹಿಂದೆ ಭಾವನಿಗೆ ಒಂದು ಆಪರೇಷನ್ ಆಗಿತ್ತು. ದೇಹದ ಯಾವ ಭಾಗಕ್ಕೆಂದು ಈ ಬರಹದ ತಲೆಬರಹದಿಂದಲೇ ಊಹಿಸಿಕೊಳ್ಳಿ. ಅಂದಿನಿಂದ ಅವರು ಸಿಡ್ನಿಯನ್ನು ಶೌಚಾಲಯಗಳ ನಕ್ಷೆಯಾಗಿ ನೋಡುತ್ತಾರೆ. ಪಾರ್ಕಿನ ಕಕ್ಕಸು ಉಳಿಯಬೇಕೆಂದು ಅವರೇ ಒಂದು ಕರಪತ್ರ ಮಾಡಿದ್ದರು. ಅದರಲ್ಲಿ ಕಟ್ಟಡದ ಪ್ಲಾನು, ಎಲಿವೇಷನ್ನು, ಅಡ್ಡಸೀಳಿಕೆ ಎಲ್ಲವೂ ಅಳತೆ ಸಮೇತ ಇದ್ದವು. ಕೆಡವಬೇಡಿ ಎಂಬ ಮಾತು ಮಾತ್ರ ಹಿಂಬದಿಯಲ್ಲಿ, ಕೊನೆಯ ಸಾಲಿನಲ್ಲಿತ್ತು.

ಪಾರ್ಕು

ಮಾರನೆಯ ದಿನ ಭಾವ ನನ್ನನ್ನು ಪಾರ್ಕಿಗೆ ಕರೆದೊಯ್ದರು. ಸಿಡ್ನಿಗೆ ಬಂದವರು ಮೊದಲು ಹಾರ್ಬರು, ಸೇತುವೆ ಅಂತ ನೋಡುತ್ತಾರೆ. ನಾನು ಮೊದಲು ನೋಡಿದ್ದು ಎರಡು ಬಾಗಿಲಿನ, ಕೆಂಪು ಇಟ್ಟಿಗೆಯ, ತಗಡಿನ ಮಾಡಿನ ಒಂದು ಕಕ್ಕಸು. ಚೊಕ್ಕಟವಾಗಿತ್ತು. ನಮ್ಮ ಹೈಸ್ಕೂಲಿನ ಸ್ಟಾಫ್‌ ರೂಮಿಗಿಂತ ಚೊಕ್ಕಟ ಎಂದರೆ ಹೆಡ್‌ಮಾಸ್ಟರಿಗೆ ಬೇಸರವಾದೀತು, ಆದರೆ ನಿಜ.

ಅದರ ಸುತ್ತಲಿನ ಬೆಂಚುಗಳಲ್ಲಿ ವಯಸ್ಸಾದವರು ಕುಳಿತಿದ್ದರು. ನಮ್ಮವರು, ಗುಜರಾತಿಗಳು, ಚೀನಾದವರು. ಎಲ್ಲರೂ ಮಕ್ಕಳನ್ನು ನೋಡಲು ಆರು ತಿಂಗಳ ವೀಸಾದಲ್ಲಿ ಬಂದವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೆ ಯಾರಾದರೂ ಎದ್ದು ಇಟ್ಟಿಗೆ ಕಟ್ಟಡದ ಕಡೆ ಹೊರಟರೆ ಪಕ್ಕದವರು ಏನೂ ಹೇಳದೆ ಅವರ ಚೀಲ ನೋಡಿಕೊಳ್ಳುತ್ತಿದ್ದರು.

ಅವರಲ್ಲಿ ಹಾಸನದ ರಂಗಪ್ಪನವರಿದ್ದರು. ಲೈನ್‌ಮನ್ ಆಗಿದ್ದು ರಿಟೈರಾದವರು, ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಮಗಳು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ತಂದೆಯನ್ನು ಪಾರ್ಕಿನ ಬಳಿ ಬಿಟ್ಟು ಹೋಗುತ್ತಾಳೆ, ಮೊಮ್ಮಗನ ಸ್ಕೂಲು ಬಿಡುವ ಹೊತ್ತಿಗೆ ಇವರು ಅವನನ್ನು ಕರೆದುಕೊಂಡು ಮನೆಗೆ ಹೋಗುತ್ತಾರೆ.

"ಡಾಕ್ಟ್ರು ನಡೀರಿ ಅಂತಾರೆ ಮೇಷ್ಟ್ರೇ. ನಡೆದ್ರೆ ಅರ್ಧ ಗಂಟೆಗೊಂದ್ಸಲ ಇದು ಬೇಕು" ಎಂದು ಗದ್ದ ಎತ್ತಿ ಕಕ್ಕಸನ್ನು ತೋರಿಸಿದರು. "ಈ ಇಟ್ಟಿಗೆ ಗೂಡು ಇರೋದಕ್ಕೆ ನಾನು ಆಸ್ಟ್ರೇಲಿಯಾ ನೋಡ್ತಾ ಇದೀನಿ. ಇಲ್ದಿದ್ರೆ ಮಗಳ ಮನೆ ಗೋಡೆ ನೋಡ್ಕಂಡು ಕೂತಿರ್ತಿದ್ದೆ. ಈ ನಾಗರಾಜ್ ಸಾರು ಓಡಾಡ್ತಾ ಇದಾರಲ್ಲ, ದೇವರು ಒಳ್ಳೇದು ಮಾಡ್ಲಿ."

ಭಾವ ಕಾಲರ್ ಸರಿಮಾಡಿಕೊಂಡು, "ಶನಿವಾರ ನೋಡ್ತಿರಿ ರಂಗಪ್ಪನೋರೇ" ಎಂದರು.

ನನಗೆ ಊರಿನ ಮಸ್ಟರಿಂಗ್ ದಿನಗಳು ನೆನಪಾದವು. ಚುನಾವಣೆಯ ಹಿಂದಿನ ದಿನ ತಾಲ್ಲೂಕು ಕೇಂದ್ರದಲ್ಲಿ ಮತಯಂತ್ರ, ಅರಗು, ಶಾಯಿ ಎಲ್ಲ ಹಂಚಿ, ಯಾವ ಬೂತಿಗೆ ಯಾರು ಎಂದು ಹೇಳುತ್ತಾರೆ. ನನ್ನ ತಂಡದ ಮೇಡಂಗಳು ಪ್ರತಿ ಸಲವೂ ಮೊದಲು ಕೇಳುವುದು ಒಂದೇ ಮಾತು: "ಸಾರ್, ಆ ಬೂತಲ್ಲಿ ಬಾತ್‌ರೂಮ್ ಇದ್ಯಾ?" ಸಾಮಾನ್ಯವಾಗಿ ಇರುವುದಿಲ್ಲ. ಬೂತಿನ ದಿನಚರಿಯಲ್ಲಿ ಗಲಭೆ ಆಯಿತೇ, ಮಳೆ ಬಂತೇ, ಎಲ್ಲಕ್ಕೂ ಜಾಗ ಇರುತ್ತದೆ. ಇದನ್ನು ಬರೆಯುವ ಧೈರ್ಯ ಇಪ್ಪತ್ತು ವರ್ಷದಲ್ಲಿ ನನಗೆ ಬಂದಿರಲಿಲ್ಲ. ಬರೆದರೆ ಮೇಲಿನವರು ಕಾರಣ ಕೇಳಿ ನೋಟಿಸು ಕೊಟ್ಟರೆ?

ಶನಿವಾರ, ಶಾಲೆಯ ಗೇಟು

ಓಟು ನಡೆಯುವುದು ಅಲ್ಲಿಯೂ ಶಾಲೆಯಲ್ಲೇ. ಅಷ್ಟು ಬಿಟ್ಟರೆ ಇನ್ನೊಂದೂ ನನಗೆ ಗುರುತು ಸಿಗಲಿಲ್ಲ. ಪೊಲೀಸರಿಲ್ಲ. ಗೇಟಿನ ಕಂಬಿಗೆ ನಾಲ್ಕು ನಾಯಿ ಕಟ್ಟಿದ್ದವು, ಒಡೆಯರು ಒಳಗೆ ಮತ ಹಾಕುತ್ತಿದ್ದರು. ಪಕ್ಕದಲ್ಲಿ ಮಕ್ಕಳ ತಂದೆತಾಯಿಗಳು ಒಲೆ ಹೂಡಿ, ಬ್ರೆಡ್ಡಿನೊಳಗೆ ಮಾಂಸದ ಸಾಸೇಜು ಇಟ್ಟು ಶಾಲೆಯ ಸಹಾಯಾರ್ಥ ಮಾರುತ್ತಿದ್ದರು. ಓಟು ಹಾಕಿ ಹೊರಬಂದವರೆಲ್ಲ ಅದನ್ನು ಕೊಂಡು ತಿನ್ನುವುದು ಅಲ್ಲಿನ ಪದ್ಧತಿ. ನಾನು ಸಸ್ಯಾಹಾರಿ ಎಂದದ್ದಕ್ಕೆ ಸಾಸೇಜು ತೆಗೆದು, ಹುರಿದ ಈರುಳ್ಳಿ ಮಾತ್ರ ಸುತ್ತಿ ಕೊಟ್ಟರು. ನಮ್ಮ ಬೂತಿನಲ್ಲಿ ಯಾರಾದರೂ ಮತದಾರರಿಗೆ ಬ್ರೆಡ್ಡು ಹಂಚಿದ್ದರೆ ಮೂರು ಇಲಾಖೆಗೆ ವರದಿ ಕಳಿಸಬೇಕಾಗುತ್ತಿತ್ತು.

ಅಕ್ಕ ಒಳಗೆ ಹೋದಳು. ನಾನು ಬಾಗಿಲಿನಿಂದ ಇಣುಕಿದೆ. ರಟ್ಟಿನ ಮರೆ, ರಟ್ಟಿನ ಪೆಟ್ಟಿಗೆ, ದಾರ ಕಟ್ಟಿದ ಪೆನ್ಸಿಲ್ಲು. ಗುರುತಿನ ಚೀಟಿ ಯಾರೂ ಕೇಳಲಿಲ್ಲ. ಹೆಸರೇನು, ಮನೆ ಎಲ್ಲಿ, ಈಗಾಗಲೇ ಓಟು ಹಾಕಿದ್ದೀರಾ, ಇಷ್ಟೇ. ಹಾಕಿದ್ದೇನೆ ಎಂದು ಯಾವ ಮನುಷ್ಯ ಹೇಳುತ್ತಾನೆ? ಪೆನ್ಸಿಲ್ಲನ್ನು ರಬ್ಬರಿನಿಂದ ಅಳಿಸಿದರೆ? ಯಾವುದೋ ದೇಶದ ಯಾವುದೋ ಪುರಸಭೆಯ ಚುನಾವಣೆ ಕೆಟ್ಟರೆ ನನ್ನ ಪಿಂಚಣಿ ನಿಲ್ಲುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಅಕ್ಕ ನಗುತ್ತಾ ಹೊರಬಂದಳು.

"ಇಲ್ಲ ಅಂತ ತಾನೇ ಹಾಕಿದ್ದು?" ಎಂದರು ಭಾವ.

"ಗುಪ್ತ ಮತದಾನ ಕಣ್ರೀ" ಎಂದಳು ಅಕ್ಕ. ಮೂರು ತಿಂಗಳಿಂದ ಊಟದ ಹೊತ್ತಿನಲ್ಲಿ ಕಕ್ಕಸಿನ ಮಾತು ಕೇಳುತ್ತಿದ್ದವಳು ಅವಳು. ಆ ನಗು ನನಗೆ ಅಷ್ಟು ಸರಿ ಕಾಣಲಿಲ್ಲ.

"ನೀವು ಹೋಗಿ ಬನ್ನಿ ಭಾವ, ಕರಪತ್ರ ನಾನು ಹಿಡ್ಕೊಂಡಿರ್ತೀನಿ" ಎಂದೆ.

ಭಾವ ಆಚೆ ಈಚೆ ನೋಡಿ, ದನಿ ತಗ್ಗಿಸಿದರು. "ನಂಗೆಲ್ಲಿ ಓಟು ಮಾರಾಯ. ನಂದು ಇನ್ನೂ ಪಿಆರ್."

ಹದಿನೆಂಟು ವರ್ಷದಿಂದ ಆ ದೇಶದಲ್ಲಿದ್ದರೂ ಭಾವ ಅಲ್ಲಿಯ ಪೌರತ್ವ ತೆಗೆದುಕೊಂಡಿರಲಿಲ್ಲ. ವಾಸಕ್ಕೆ ಅನುಮತಿ ಇದೆ, ತೆರಿಗೆ ಕಟ್ಟುತ್ತಾರೆ, ಮತ ಮಾತ್ರ ಇಲ್ಲ. ಅಕ್ಕ ಎಂದೋ ತೆಗೆದುಕೊಂಡಿದ್ದಳು. ನೀವೂ ತಗೊಳ್ಳಿ ಎಂದು ಅವರ ಮಗಳು ಗೋಗರೆದಿದ್ದಳು. "ಪಾಸ್‌ಪೋರ್ಟ್ ಬದಲಾಯಿಸಿದ್ರೆ ಮೈಸೂರಲ್ಲಿ ನಾನು ಟೂರಿಸ್ಟ್ ಆಗ್ತೀನಿ" ಎನ್ನುವುದು ಭಾವನ ವಾದ. ಮೈಸೂರಿನ ಪಟ್ಟಿಯಲ್ಲಾದರೂ ಹೆಸರಿದೆಯೇ ಎಂದರೆ, ಅಲ್ಲಿ ಯಾರೋ ನನ್ನಂಥ ಮೇಷ್ಟ್ರೇ ಮನೆಮನೆಗೆ ಹೋಗಿ, 'ಸ್ಥಳಾಂತರ' ಎಂದು ಬರೆದು ತೆಗೆದುಹಾಕಿದ್ದಾರೆ. ಎರಡು ದೇಶದಲ್ಲಿ ಎಲ್ಲೂ ಓಟಿಲ್ಲದ ಮನುಷ್ಯ ಇಡೀ ಸಬರ್ಬಿನ ಪ್ರಚಾರದ ಮುಂದಾಳು.

"ರಂಗಪ್ಪನವರಿಗೆ ಗೊತ್ತಾ?"

"ಹೇಳ್ಬೇಡ" ಎಂದರು ಭಾವ. ನನ್ನ ಕೈಗೆ ಕರಪತ್ರದ ಕಟ್ಟು ಕೊಟ್ಟು, "ನೀನು ಈ ಗೇಟು ನೋಡ್ಕೋ, ನಾನು ಹಿಂದಿನ ಗೇಟಿಗೆ ಹೋಗ್ತೀನಿ" ಎಂದು ಹೊರಟೇಬಿಟ್ಟರು.

ನೂರು ಮೀಟರಿನ ಆಚೆ

ಈಗ ನನ್ನ ಸ್ಥಿತಿ ನೋಡಿ. ನಮ್ಮಲ್ಲಿ ಮತಗಟ್ಟೆಯಿಂದ ನೂರು ಮೀಟರಿಗೆ ಸುಣ್ಣದ ಗೆರೆ ಎಳೆಸುತ್ತೇವೆ. ಅದರ ಒಳಗೆ ಪ್ರಚಾರ ಮಾಡಿದವನನ್ನು ಪೊಲೀಸಿಗೆ ಹಿಡಿದುಕೊಡಬೇಕು. ಹಾಗೆ ಎಷ್ಟೋ ಜನರನ್ನು ನಾನೇ ಗದರಿಸಿ ಓಡಿಸಿದ್ದೇನೆ. ಆ ಊರಿನಲ್ಲಿ ಗೇಟಿಗೆ ನಾಲ್ಕು ಹೆಜ್ಜೆ ದೂರದಲ್ಲೇ ಎಲ್ಲ ಪಕ್ಷದವರೂ ಭುಜಕ್ಕೆ ಭುಜ ತಾಗಿಸಿ ನಿಂತು ಚೀಟಿ ಹಂಚುತ್ತಿದ್ದರು. ಅದಕ್ಕೆ ಕಾನೂನಿನಲ್ಲೇ ಅವಕಾಶವಿದೆ ಎಂದು ಭಾವ ಹೇಳಿದ್ದರು. ಆದರೆ ಕಾಲು ಕೇಳಬೇಕಲ್ಲ? ಗೇಟಿನ ಬಳಿ ನಿಲ್ಲಿಸಿದಷ್ಟೂ ಅದು ಹಿಂದಕ್ಕೇ ಸರಿಯುತ್ತಿತ್ತು. ವೀಸಾದಲ್ಲಿ ಬಂದವನು, ಚುನಾವಣಾ ಅಪರಾಧದಲ್ಲಿ ಸಿಕ್ಕಿಬಿದ್ದರೆ ಗಳಿಕೆ ರಜೆಯೂ ಹೋಯಿತು, ನೌಕರಿಯೂ ಹೋಯಿತು.

ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಅಜ್ಜಿ ಕುಳಿತಿದ್ದರು. ಹೆಸರು ಡೋರೀನ್. ಆಟದ ಜಾಗದ ಪರ ಪ್ರಚಾರ ಮಾಡುವವರು, ಅಂದರೆ ನಮ್ಮ ಎದುರಾಳಿ. "ಬಿಸಿಲಿದೆ, ಬಾ, ನನ್ನ ಕೊಡೆಯ ಕೆಳಗೆ ನಿಲ್ಲು" ಎಂದು ಕರೆದು ನನಗೆ ಬಿಸ್ಕತ್ತು ಕೊಟ್ಟರು. ಎದುರು ಪಾರ್ಟಿಯ ಏಜೆಂಟರಿಂದ ಬಿಸ್ಕತ್ತು ತಿನ್ನುವುದು ಇನ್ನೊಂದು ಅಪರಾಧ. ನಾನು ಧನ್ಯವಾದ ಹೇಳಿ, ಕರಪತ್ರ ಕಂಕುಳಲ್ಲಿಟ್ಟುಕೊಂಡು, ಹೆಜ್ಜೆ ಎಣಿಸುತ್ತಾ ಹೊರಟೆ. ನನ್ನ ಹೆಜ್ಜೆ ಮುಕ್ಕಾಲು ಮೀಟರು. ನೂರ ಮೂವತ್ತನಾಲ್ಕನೆಯ ಹೆಜ್ಜೆಗೆ ನಿಂತು ತಲೆ ಎತ್ತಿದರೆ, ಎದುರಿಗೆ ಅದೇ ಕೆಂಪು ಇಟ್ಟಿಗೆಯ ಕಕ್ಕಸು.

ಇದು ದೈವಸಂಕಲ್ಪವೇ ಎನಿಸಿತು. ಕಕ್ಕಸಿನ ಪ್ರಚಾರಕ್ಕೆ ಕಕ್ಕಸಿನ ಬಾಗಿಲಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಒಳಗಿನಿಂದ ಬರುವವರ ಮುಖದಲ್ಲಿ ಕೃತಜ್ಞತೆ ಇರುತ್ತದೆ. ಆ ಗಳಿಗೆಯಲ್ಲಿ ಕರಪತ್ರ ಕೊಟ್ಟರೆ ಯಾವ ಮನುಷ್ಯ ಬೇಡವೆನ್ನುತ್ತಾನೆ? ರಂಗಪ್ಪನವರು ಬೆಂಚಿನಿಂದ ಕೈ ಬೀಸಿದರು. ನಾನು ಕೆಲಸ ಶುರು ಮಾಡಿದೆ. ಅದೂ ಶಿಸ್ತಿನಿಂದ. ಓಟು ಹಾಕಿ ಮುಗಿಸಿದವರ ಮೇಲೆ ಕಾಗದ ದಂಡ ಮಾಡಬಾರದೆಂದು, ಪ್ರತಿಯೊಬ್ಬರ ಎಡಗೈಯ ತೋರುಬೆರಳು ನೋಡಿ, ಶಾಯಿ ಇಲ್ಲದವರಿಗೆ ಮಾತ್ರ ಕೊಟ್ಟೆ.

ಯಾರ ಬೆರಳಿನಲ್ಲೂ ಶಾಯಿ ಇರಲಿಲ್ಲ. ಎಷ್ಟೊಂದು ಜನ ಇನ್ನೂ ಓಟು ಹಾಕಿಲ್ಲ, ಎಲ್ಲ ಸರಿಯಾದ ಹೊತ್ತಿಗೆ ನನ್ನ ಕೈಗೆ ಸಿಕ್ಕರು ಎಂದು ಹಿಗ್ಗಿದೆ. ಮೂರು ಗಂಟೆ ಹಂಚಿದೆ.

ಮಧ್ಯಾಹ್ನದ ಹೊತ್ತಿಗೆ ಡೋರೀನ್ ಅಜ್ಜಿ ಬೇಗ ಬೇಗ ನಡೆದು ಬಂದರು. ನನ್ನನ್ನು ನೋಡಿ ಅರೆಕ್ಷಣ ನಿಂತರು. ಬೇರೆ ದಾರಿ ಇರಲಿಲ್ಲ. ಒಳಗೆ ಹೋಗಿ, ಬಂದು, ಕೈ ಒರೆಸಿಕೊಳ್ಳುತ್ತಾ ನನ್ನ ಎದುರಿಗೆ ನಿಂತು ತಾವೇ ಕೈ ಚಾಚಿದರು. ನಾನು ಒಂದು ಕರಪತ್ರ ಕೊಟ್ಟೆ.

"ಇದನ್ನು ಕೆಡವಲೇಬೇಕು ಅನ್ನುವವಳು ನಾನು" ಎಂದರು. "ಆದರೆ ಇವತ್ತಲ್ಲ."

ಅವರು ನಗುತ್ತಾ ಹೋದ ಮೇಲೆ ರಂಗಪ್ಪನವರು ಬೆಂಚಿನಿಂದ ಎದ್ದು ಬಂದರು. ಬಹಳ ಹೊತ್ತಿನಿಂದ ಏನೋ ಯೋಚಿಸುತ್ತಿದ್ದರೆಂದು ಕಾಣುತ್ತದೆ.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಇವರೆಲ್ಲ ಓಟು ಹಾಕಿ ಬಂದೋರಲ್ವಾ?"

"ಛೇ, ಬೆರಳು ನೋಡಿ ಕೊಡ್ತಾ ಇದೀನಿ. ಒಬ್ಬರಿಗೂ ಶಾಯಿ ಇಲ್ಲ."

"ಬೆರಳಲ್ಲಿ ಶಾಯಿ ಇಲ್ಲ, ಸರಿ. ಕೈಯಲ್ಲಿ ಬ್ರೆಡ್ಡು ಇತ್ತಲ್ಲ?"

ನಾನು ಶಾಲೆಯ ಕಡೆ ನೋಡಿದೆ. ಓಟು ಹಾಕಿದವರು, ಬ್ರೆಡ್ಡು ತಿಂದು, ಸೋಡಾ ಕುಡಿದು, ಮನೆಗೆ ಹೋಗುವ ಮೊದಲು ಇಲ್ಲಿಗೆ ಬರುತ್ತಿದ್ದರು. ಆ ದೇಶದಲ್ಲಿ ಬೆರಳಿಗೆ ಶಾಯಿ ಹಚ್ಚುವುದೇ ಇಲ್ಲ. ಬೆಳಗ್ಗೆ ಅಕ್ಕನ ಬೆರಳನ್ನಾದರೂ ನೋಡಿದ್ದರೆ ತಿಳಿಯುತ್ತಿತ್ತು, ನಾನು ಅವಳ ನಗುವನ್ನು ಮಾತ್ರ ನೋಡಿದ್ದೆ. ಮೂರು ಗಂಟೆಯ ಕಾಲ ನಾನು ಮುಗಿದುಹೋದ ಮತಗಳಿಗೆ ಪ್ರಚಾರ ಮಾಡಿದ್ದೆ.

ಕಟ್ಟಿನಲ್ಲಿ ಮೂರು ಕರಪತ್ರ ಉಳಿದಿದ್ದವು. ಹಿಂದಿನ ಗೇಟಿನಿಂದ ಬಂದ ಭಾವ, ಖಾಲಿಯಾದ ಕಟ್ಟು ನೋಡಿ, "ಭೇಷ್!" ಎಂದು ಬೆನ್ನು ತಟ್ಟಿದರು. ನಾನು ಬಾಯಿ ಬಿಡುವ ಮೊದಲೇ ರಂಗಪ್ಪನವರು ಭಾವನನ್ನು ಕೇಳಿದರು:

"ಸಾರ್, ನಿಮ್ಮ ಓಟು ಹಾಕಿದ್ರಾ?"

"ಹ್ಞೂ, ಬೆಳಗ್ಗೇನೇ" ಎಂದರು ಭಾವ. ಹಾಗೆಂದವರು ನನ್ನ ಮುಖ ನೋಡದೆ ಕಕ್ಕಸಿನೊಳಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಮೆಲ್ಬರ್ನ್, ಡಾಕ್‌ಲ್ಯಾಂಡ್ಸ್

ಅಲ್ಲಿ ಮೊದಲು ಸದಸ್ಯರ ಮತ ಎಣಿಸುತ್ತಾರೆ. ಕಕ್ಕಸಿನ ಚೀಟಿಯ ಸರದಿ ಆಮೇಲೆ. ಅಷ್ಟರಲ್ಲಿ ನಾನು ಮೆಲ್ಬರ್ನಿಗೆ ಹೋಗಿದ್ದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ, ತಿಪಟೂರಿನ ಮಂಜುನಾಥ ಇದ್ದಾನೆ. ಓದಲು ಹೋದವನು ಅಲ್ಲೇ ನೆಲೆಸಿ, ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ. ಅವನ ಕೆಲಸ ಮುಗಿಯುವವರೆಗೆ ನೀರಿನ ದಂಡೆಯಲ್ಲಿ ಅಡ್ಡಾಡಲು ಹೇಳಿ, ಕೈಗೊಂದು ಮೊಬೈಲು ಕೊಟ್ಟು, ಅದರ ನಂಬರನ್ನು ಭಾವನಿಗೂ ತಿಳಿಸಿ ಒಳಗೆ ಹೋದ.

ನೀರು, ಗಾಳಿ, ಚಳಿ. ಪರ್ಯವಸಾನ ಹೇಳಬೇಕಾಗಿಲ್ಲ. ಹುಡುಕಿದಾಗ ಸಿಕ್ಕಿದ್ದು ಒಂದು ಉಕ್ಕಿನ ಗೂಡು. ಗುಂಡಿ ಒತ್ತಿದರೆ ಬಾಗಿಲು ತಾನೇ ಸರಿಯಿತು. ಒಳಗೆ ಹೋದೆ, ತಾನೇ ಮುಚ್ಚಿತು. ಅಶರೀರವಾಣಿಯೊಂದು, ಬಾಗಿಲು ಭದ್ರವಾಗಿದೆ, ನಿಮಗೆ ಹತ್ತು ನಿಮಿಷ ಕಾಲಾವಕಾಶವಿದೆ ಎಂದು ಇಂಗ್ಲಿಷಿನಲ್ಲಿ ಘೋಷಿಸಿತು. ಆಮೇಲೆ ಪಿಯಾನೋ ಸಂಗೀತ ಶುರುವಾಯಿತು.

ಹತ್ತು ನಿಮಿಷದ ನಂತರ ಏನಾಗುತ್ತದೆ? ಅದನ್ನು ವಾಣಿ ಹೇಳಲಿಲ್ಲ. ಇಂಥ ಸಂದರ್ಭದಲ್ಲಿ ನನ್ನಂಥವನಿಗೆ ಏನು ತಾನೇ ಸಾಧ್ಯ? ಗಡಿಯಾರ ನೋಡುತ್ತಾ ನಿಂತೆ. ಆಗ ಫೋನು ಹೊಡೆದುಕೊಂಡಿತು. ಭಾವ.

"ಸೋತ್ವಿ ಸೀನ. ತೀರಾ ಸ್ವಲ್ಪದರಲ್ಲಿ."

ತೀರಾ ಸ್ವಲ್ಪ ಎಂದರೆ ಎಷ್ಟು? ಒಂದು ಕಟ್ಟು ಕರಪತ್ರದಷ್ಟೇ? ನಾನು ಎಲ್ಲ ಹೇಳಿಬಿಟ್ಟೆ. ನೂರು ಮೀಟರು, ಬೆರಳು, ಶಾಯಿ, ಬ್ರೆಡ್ಡು.

ಭಾವ ಎಲ್ಲ ಕೇಳಿಸಿಕೊಂಡರು. ನಂತರ, "ಅದೇನೋ ಸಂಗೀತ ಕೇಳ್ತಾ ಇದೆ? ಹೋಟ್ಲಲ್ಲಿದೀಯಾ?" ಎಂದರು.

"ಕಕ್ಕಸು ಭಾವ."

"ಹಾಡೋ ಕಕ್ಕಸಾ?"

"ಹ್ಞೂ. ಮಾತೂ ಆಡುತ್ತೆ."

"ನೋಡು ಅನ್ಯಾಯ. ಅಲ್ಲಿ ಕಕ್ಕಸು ಪಿಯಾನೋ ಬಾರಿಸುತ್ತೆ, ಇಲ್ಲಿ ಬಾಯಿ ಮುಚ್ಕೊಂಡು ಬಿದ್ದಿರೋದನ್ನ ಕೆಡವ್ತಾರೆ." ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು. "ನಿನ್ನ ಕರಪತ್ರದಿಂದ ಏನೂ ಆಗಿಲ್ಲ ಬಿಡೋ. ಹದಿನೆಂಟು ವರ್ಷ ಓಟಿಲ್ಲದೆ ಕೂತು, ಕಂಡೋರ ಓಟು ಕೇಳೋಕೆ ಹೋದ್ನಲ್ಲ, ನನಗೆ ಬುದ್ಧಿ ಬೇಡ್ವಾ? ಆ ರಂಗಪ್ಪ ಕೇಳಿದಾಗ ಹ್ಞೂ ಅಂದ್ಬಿಟ್ಟೆ. ಅವತ್ತಿಂದ ಪಾರ್ಕಿಗೆ ಹೋಗಿಲ್ಲ ಸೀನ. ಮುಖ ತೋರ್ಸೋಕೆ ಆಗ್ತಿಲ್ಲ."

ಅಷ್ಟರಲ್ಲಿ ಸಂಗೀತ ನಿಂತಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಹೊರಗೆ ಟೈ ಕಟ್ಟಿದ ಮೂವರು ಸರದಿಯಲ್ಲಿ ನಿಂತಿದ್ದರು. ಅವರ ಎದುರಿಗೆ ನಾನು, ಫೋನು ಕಿವಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು. ಬಂದ ಕೆಲಸ ಮಾತ್ರ ಇನ್ನೂ ಆಗಿರಲಿಲ್ಲ.

ವೆರಿಬೀ

ಮಂಜುನಾಥನ ಮನೆ ವೆರಿಬೀಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ನಾನು ಚುನಾವಣೆಯ ಕಥೆ ಹೇಳಿದೆ. ಅವನು ಎದ್ದು ಹೋಗಿ ಒಂದು ಕಾಗದ ತಂದು ತೋರಿಸಿದ. ಅವರ ಕಡೆ ಕೌನ್ಸಿಲ್ ಮತಪತ್ರ ಅಂಚೆಯಲ್ಲಿ ಬರುತ್ತದೆ. ಹಿಂದಿನ ಸಲ ಇವನು ಅದನ್ನು ಪಿಜ್ಜಾ ಅಂಗಡಿಯ ಜಾಹೀರಾತುಗಳ ಜೊತೆ ಕಸದ ಬುಟ್ಟಿಗೆ ಹಾಕಿದ್ದ. ಓಟು ಕಡ್ಡಾಯ. ಯಾಕೆ ಹಾಕಲಿಲ್ಲ, ಕಾರಣ ಕೊಡಿ, ಇಲ್ಲವೇ ದಂಡ ಕಟ್ಟಿ ಎಂದು ಬಂದ ಪತ್ರ ಅದು.

"ಏನು ಕಾರಣ ಬರೆದೆ?"

"ನೀವೇ ಕಲಿಸಿದ್ದು ಸಾರ್, ರಜಾ ಅರ್ಜಿ. 'ತೀವ್ರ ಜ್ವರದಿಂದ ಬಳಲುತ್ತಿದ್ದ ಕಾರಣ.' ಹಾಗೇ ಇಂಗ್ಲಿಷ್‌ ಮಾಡಿ ಕಳಿಸ್ದೆ."

"ಒಪ್ಪಿದ್ರಾ?"

"ಇಲ್ಲ ಸಾರ್. ನೀವೂ ಒಪ್ತಿರಲಿಲ್ಲ."

ಅವನ ಎಂಟು ವರ್ಷದ ಮಗಳಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ನಾನು ಎಷ್ಟು ಸಲ ಓಟು ಹಾಕಿದ್ದೇನೆಂದು ಕೇಳಿದಳು. ನಾನು ಯೋಚಿಸಿ, ಎರಡು ಎಂದೆ. ಬೇರೆ ಊರಿನ ಬೂತಿಗೆ ಡ್ಯೂಟಿ ಹಾಕಿಸಿಕೊಂಡವರು ಮೊದಲೇ ಅರ್ಜಿ ತುಂಬಿಸಿ ಅಂಚೆ ಮತಪತ್ರ ಪಡೆಯಬೇಕು. ತರಬೇತಿಯ ಗಲಾಟೆಯಲ್ಲಿ ಅದು ಪ್ರತಿ ಸಲ ಮರೆಯುತ್ತದೆ. ನೆನಪಾದಾಗ ಫಾರಂ ಮುಗಿದಿರುತ್ತದೆ. ಸಾವಿರಾರು ಬೆರಳಿಗೆ ಶಾಯಿ ಹಚ್ಚಿಸಿದ್ದೇನೆ, ನನ್ನ ಬೆರಳಿಗೆ ಹಚ್ಚಿಸಿಕೊಂಡಿದ್ದು ಎರಡೇ ಸಲ.

"ಸೋ ಡಿಡ್ ಯು ಗೆಟ್ ಅ ಫೈನ್, ಅಂಕಲ್?"

ಇಲ್ಲಮ್ಮ, ಊಟದ ಭತ್ಯೆ ಕೊಟ್ಟರು ಎಂದೆ. ಅವಳಿಗೆ ಅದು ಸರಿಯೆನಿಸಲಿಲ್ಲ.

ತುಮಕೂರಿಗೆ ಬಂದ ಮೇಲೆ

ಮುಂದಿನ ಚುನಾವಣೆಯ ತರಬೇತಿಯಲ್ಲಿ ನಾನು ಚಹಾಕ್ಕೂ ಮುಂಚೆ ಅಂಚೆ ಮತದ ಫಾರಂ ಕೇಳಿ ತುಂಬಿಸಿಕೊಟ್ಟೆ. ಬೂತಿನ ದಿನಚರಿಯಲ್ಲಿ, ಇತರೆ ವಿಷಯ ಎಂಬಲ್ಲಿ, 'ಮಹಿಳಾ ಸಿಬ್ಬಂದಿಗೆ ಶೌಚಾಲಯವಿರುವುದಿಲ್ಲ' ಎಂದು ಬರೆದೆ. ವಾಪಸು ಪಡೆಯುವ ಕೌಂಟರಿನವನು ಅದನ್ನು ನೋಡಿ, "ಸಾರ್, ಎಲ್ರೂ ಇಲ್ಲಿ 'ಏನೂ ಇಲ್ಲ' ಅಂತ ಬರೀತಾರೆ, ನೀವ್ಯಾಕೆ ತಲೆನೋವು ತರ್ತೀರಿ" ಎಂದ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋಟಿಸೂ ಬರಲಿಲ್ಲ.

ಆ ಕಡೆ ಭಾವ ಪೌರತ್ವಕ್ಕೆ ಅರ್ಜಿ ಹಾಕಿದರು. ಅದಕ್ಕೊಂದು ಪರೀಕ್ಷೆ ಇದೆಯೆಂದು ಪುಸ್ತಕ ತಂದು, ಒಂದು ತಿಂಗಳು ಗೆರೆ ಎಳೆದು ಓದಿದರಂತೆ. ಅರವತ್ತು ದಾಟಿದವರಿಗೆ ಪರೀಕ್ಷೆ ಇಲ್ಲ ಎಂದು ಆಫೀಸಿನವಳು ಹೇಳಿದಾಗ, ಎರಡು ಪ್ರಶ್ನೆಯಾದರೂ ಕೇಳಿ ಎಂದು ಒತ್ತಾಯ ಮಾಡಿದರಂತೆ. ಮಗಳ ಕಣ್ಣೀರಿಗೂ ಬಗ್ಗದ ಮನುಷ್ಯ ಕಡೆಗೂ ಪಾಸ್‌ಪೋರ್ಟ್ ಬದಲಾಯಿಸಿದ್ದು ಒಂದು ಕಕ್ಕಸಿಗಾಗಿ. "ಇನ್ಮೇಲೆ ನಿಮ್ಮ ಓಟು ನೀವೇ ಹಾಕ್ಕೊಳ್ಳಿ, ನನ್ನನ್ನ ಕೇಳ್ಬೇಡಿ" ಎಂದು ಅಕ್ಕ ಹೇಳಿದಳಂತೆ. ಅವಳು ಅಂದು ಯಾವುದಕ್ಕೆ ಗುರುತು ಹಾಕಿದಳೆಂದು ನನಗೆ ಇವತ್ತಿಗೂ ತಿಳಿಯದು.

ಕಕ್ಕಸು ಇನ್ನೂ ನಿಂತಿದೆ. ಜನರ ಅಭಿಪ್ರಾಯವನ್ನು ಹೇಗೆ ಜಾರಿಗೆ ತರಬಹುದೆಂದು ಪರಿಶೀಲಿಸಲು ಕೌನ್ಸಿಲ್ ಒಂದು ಸಮಿತಿ ಮಾಡಿದೆ. ಸಮಿತಿ ಮಾಡಿದ ಮೇಲೆ ಯಾವುದೂ ಅಷ್ಟು ಸುಲಭಕ್ಕೆ ಬೀಳುವುದಿಲ್ಲ ಎಂಬ ನಂಬಿಕೆ ನನಗೆ ಇಲ್ಲಿಯ ಅನುಭವದಿಂದ ಇದೆ.

ಪೌರತ್ವದ ಸಮಾರಂಭ ಕೌನ್ಸಿಲ್ ಸಭಾಂಗಣದಲ್ಲಿ ನಡೆಯಿತು. ಹೊಸ ಪ್ರಜೆಗಳಿಗೆ ಸರ್ಟಿಫಿಕೇಟಿನ ಜೊತೆ ಆ ನೆಲದ ಒಂದು ಸಸಿಯನ್ನೂ ಕೊಡುತ್ತಾರೆ. ಭಾಷಣ, ಪ್ರತಿಜ್ಞೆ, ರಾಷ್ಟ್ರಗೀತೆ ಎಲ್ಲ ಸೇರಿ ಎರಡು ಗಂಟೆ. ಮುಗಿದ ಕೂಡಲೇ ಭಾವ ಸೂಟು ಹಾಕಿದ ಹಾಗೇ, ಕೈಯಲ್ಲಿ ಸಸಿ ಹಿಡಿದು, ಅಕ್ಕನನ್ನೂ ಎಳೆದುಕೊಂಡು ಪಾರ್ಕಿಗೆ ಹೋದರಂತೆ. ರಂಗಪ್ಪನವರು ಎರಡನೆಯ ಸಲ ವೀಸಾ ಮಾಡಿಸಿಕೊಂಡು ಬಂದು ಅದೇ ಬೆಂಚಿನಲ್ಲಿ ಕುಳಿತಿದ್ದರು. ಮುಂದಿನದು ಅಕ್ಕ ಫೋನಿನಲ್ಲಿ ಹೇಳಿದ್ದು.

"ರಂಗಪ್ಪನೋರೇ, ಅವತ್ತು ನಿಮಗೆ ಸುಳ್ಳು ಹೇಳಿದ್ದೆ. ನನಗೆ ಓಟಿರಲಿಲ್ಲ. ಇವತ್ತು ಬಂತು" ಎಂದರಂತೆ ಭಾವ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ.

ರಂಗಪ್ಪನವರು ಅವರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರಂತೆ.

"ಅದಿರ್ಲಿ ಸಾರ್, ಆಮೇಲೆ ಮಾತಾಡಣ. ಗಿಡ ನನ್ನ ಕೈಗೆ ಕೊಡಿ, ನೀವು ಮೊದ್ಲು ಒಳಗೋಗಿ ಬನ್ನಿ."